ಬಿಸಿಲನಾಡಿನಲ್ಲಿ ಬ್ಯಾಟರಿಯ ಆಯುಷ್ಯ

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಮಸ್ಕಿ ಸಮೀಪದ ಬಂಧುಗಳ ಊರಿಗೆ ಹೋಗಿದ್ದೆ. ಊರ ಕೆರೆಯಲ್ಲಿ ನರೇಗಾ ಹೂಳೆತ್ತುವ ಕೆಲಸ ನಡೆದಿತ್ತು. ಹೊತ್ತು ಹನ್ನೊಂದು ದಾಟಿತ್ತು, ಕೆರೆಯ ಒಡಲಲ್ಲಿ ಒಂದು ಗಿಡದ ನೆರಳೂ ಇರಲಿಲ್ಲ. ಕೂಲಿಕಾರರ ಹಾಜರಾತಿ ನೋಡಿಕೊಳ್ಳುವ 'ಕಾಯಕ ಬಂಧು' (ಮೇಲ್ವಿಚಾರಕಿ) ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬೆಳಗ್ಗೆ ಒಂದು ಫೋಟೊ, ನಾಲ್ಕು ಗಂಟೆ ಕಳೆದ ಮೇಲೆ ಇನ್ನೊಂದು ಫೋಟೊ ತೆಗೆದು ಆ್ಯಪ್‌ಗೆ ಏರಿಸಬೇಕಿತ್ತು. ಎರಡನೆಯ ಫೋಟೊಗೆಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅವರು ಮೊಬೈಲ್ ಎತ್ತಿ ಹಿಡಿದರು. ಕ್ಯಾಮೆರಾ ತೆರೆಯಲಿಲ್ಲ. ಮಬ್ಬಾದ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತ್ತು. "ಅಣ್ಣಾ, ಏನು ಬರೆದಿದೆ ನೋಡಿ" ಎಂದು ನನ್ನ ಕೈಗೆ ಕೊಟ್ಟರು. ಹಿಡಿಯಲಾಗದಷ್ಟು ಬಿಸಿ. ಮೊಬೈಲ್ ಅತಿಯಾಗಿ ಕಾದಿದೆ, ತಣ್ಣಗಾದ ಮೇಲೆ ಬಳಸಿ ಎಂದಿತ್ತು. ನೀರಿನ ಕೊಡದ ಪಕ್ಕದಲ್ಲಿ ಅದನ್ನಿಟ್ಟು, ಮೇಲೊಂದು ಬುಟ್ಟಿ ಬೋರಲು ಹಾಕಿ ಕಾದೆವು. ಅಷ್ಟು ಹೊತ್ತೂ ಇಪ್ಪತ್ತೆರಡು ಜನ ಕೂಲಿಕಾರರು ಬಿಸಿಲಲ್ಲೇ ನಿಂತಿದ್ದರು.

ಮೊಬೈಲ್ ಕೊಂಡು ಒಂದೇ ವರ್ಷವಾಗಿದೆ, ಆಗಲೇ ಮಧ್ಯಾಹ್ನದವರೆಗೂ ಚಾರ್ಜ್ ನಿಲ್ಲುತ್ತಿಲ್ಲ ಎಂದು ಆಕೆ ಹೇಳಿದರು. ಅಂಗಡಿಯವರನ್ನು ಕೇಳಿದರೆ "ನೀವು ಜಾಸ್ತಿ ಬಳಸುತ್ತೀರಿ, ಮಕ್ಕಳ ಕೈಗೆ ಕೊಡಬೇಡಿ" ಎಂಬ ಉತ್ತರ ಬಂದಿತ್ತಂತೆ.

ಅದೇ ಉತ್ತರವನ್ನು ನಾನೂ ಕೇಳಿದ್ದೆ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ರಾಯಚೂರಿನ ಮನೆಯಿಂದ ತಂತ್ರಾಂಶ ಪರೀಕ್ಷೆಯ ಕೆಲಸ ಮಾಡುತ್ತೇನೆ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಎರಡನೆಯ ಬೇಸಿಗೆಯಲ್ಲಿ ಸರಿಯಾಗಿ ಮುಚ್ಚದಾಯಿತು. ಟಚ್‌ಪ್ಯಾಡ್ ಒಂದು ಬದಿಯಲ್ಲಿ ಎದ್ದು ನಿಂತಿತ್ತು, ಬೆರಳಿಟ್ಟರೆ ಒತ್ತುತ್ತಿರಲಿಲ್ಲ. ತಳ ಬಿಚ್ಚಿ ನೋಡಿದಾಗ ಚಪ್ಪಟೆ ಇರಬೇಕಾದ ಬ್ಯಾಟರಿ ಉಬ್ಬಿದ ಪೂರಿಯಂತೆ ಕುಳಿತಿತ್ತು. ಸರ್ವಿಸ್ ಕೇಂದ್ರದಲ್ಲಿ "ಬಳಕೆಯ ದೋಷ" ಎಂದು ಬರೆದುಕೊಟ್ಟರು. ನನಗೆ ಯಂತ್ರ ಕೊಟ್ಟ ತಿಂಗಳಲ್ಲೇ ಅದೇ ಮಾದರಿಯದನ್ನು ಪಡೆದ ನನ್ನ ಸಹೋದ್ಯೋಗಿ ಬೆಂಗಳೂರಿನಲ್ಲಿ ನನ್ನಷ್ಟೇ ಹೊತ್ತು ಕೆಲಸ ಮಾಡುತ್ತಾಳೆ. ಅವಳ ಬ್ಯಾಟರಿಗೆ ಏನೂ ಆಗಿರಲಿಲ್ಲ. ಎರಡು ಯಂತ್ರ ನೋಡಿ ತೀರ್ಪು ಕೊಡಬಾರದು, ಅದು ನನಗೆ ಗೊತ್ತು. ಆದರೆ ಅಂದಿನಿಂದ ಬ್ಯಾಟರಿಯ ಬಗ್ಗೆ ಓದುತ್ತ ಹೋದಂತೆ ಒಂದು ಮಾತು ಖಚಿತವಾಯಿತು. ನಮ್ಮ ಕಡೆ ಬ್ಯಾಟರಿಗಳು ಬೇಗ ಸಾಯುವುದಕ್ಕೆ ಮುಖ್ಯ ಕಾರಣ ಬಳಸುವವರ ಕೈ ಅಲ್ಲ, ಬಿಸಿಲು. ಅದು ಹೇಗೆಂದು ತಿಳಿಯಲು ಬ್ಯಾಟರಿಯ ಒಳಗೆ ಸ್ವಲ್ಪ ಇಣುಕಬೇಕು.

ಮೊಬೈಲ್, ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಇಯರ್‌ಫೋನ್, ವಿದ್ಯುತ್ ಸ್ಕೂಟರ್, ಇವುಗಳಲ್ಲಿ ಹೆಚ್ಚಾಗಿ ಇರುವುದು ಲಿಥಿಯಂ ಅಯಾನ್ ಬ್ಯಾಟರಿ. 1970ರ ದಶಕದಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಹಾಕಿದ ಬುನಾದಿಯ ಮೇಲೆ ಜಾನ್ ಗುಡ್‌ಇನಫ್ 1980ರಲ್ಲಿ ಕೋಬಾಲ್ಟ್ ಆಕ್ಸೈಡನ್ನು ತಂದರು. ಜಪಾನಿನ ಅಕಿರಾ ಯೋಶಿನೊ 1985ರಲ್ಲಿ ಅದಕ್ಕೆ ಸುರಕ್ಷಿತ ರೂಪ ಕೊಟ್ಟರು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ಬಿಟ್ಟಿತು. ಈ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂದಾಗ ಗುಡ್‌ಇನಫ್ ಅವರಿಗೆ 97 ವರ್ಷ.

ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆ ನೋಡಿದವರಿಗೆ ಈ ಬ್ಯಾಟರಿ ಕೆಲಸ ಮಾಡುವ ಬಗೆಯನ್ನು ಹೇಳುವುದು ಸುಲಭ. ಎದುರುಬದುರು ಎರಡು ಗೋದಾಮುಗಳಿವೆ ಎಂದುಕೊಳ್ಳಿ. ಒಂದು ಗೋದಾಮು ಗ್ರಾಫೈಟಿನದು, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ಪದರು ಪದರಾದ ಇಂಗಾಲ. ಇನ್ನೊಂದು ಲೋಹದ ಆಕ್ಸೈಡಿನದು. ಮೂಟೆಗಳೆಂದರೆ ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಲಿಥಿಯಂ ಕಣಗಳು. ಚಾರ್ಜರ್ ಸಿಕ್ಕಿಸಿದಾಗ ಮೂಟೆಗಳೆಲ್ಲ ಆಕ್ಸೈಡ್ ಗೋದಾಮಿನಿಂದ ಗ್ರಾಫೈಟ್ ಗೋದಾಮಿಗೆ ಸಾಗುತ್ತವೆ. ಮೊಬೈಲ್ ಬಳಸುವಾಗ ಅವು ಮರಳುತ್ತವೆ. ಎರಡರ ನಡುವೆ ತೆಳ್ಳನೆಯ ಜಾಳಿಗೆಯಂಥ ಪರದೆಯಿದೆ, ಸುತ್ತ ದ್ರವವಿದೆ. ಈ ಹಾದಿಯಲ್ಲಿ ಅಯಾನುಗಳಿಗೆ ಮಾತ್ರ ದಾರಿ. ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಸುತ್ತಿಕೊಂಡೇ ಬರಬೇಕು. ಹಾಗೆ ಸುತ್ತಿ ಬರುವಾಗ ಅವು ಮೊಬೈಲಿನ ಪರದೆ ಬೆಳಗಿಸುತ್ತವೆ, ಮಾತು ಕೇಳಿಸುತ್ತವೆ, ಫೋಟೊ ಕಳಿಸುತ್ತವೆ.

ಹೊಸ ಬ್ಯಾಟರಿಯ ಮೇಲೆ 5000 ಎಂಎಎಚ್ ಎಂದು ಬರೆದಿದ್ದರೆ ಅದು ಸಾಗಬಲ್ಲ ಮೂಟೆಗಳ ಲೆಕ್ಕ. ಬ್ಯಾಟರಿ ಹಳೆಯದಾಗುವುದು ಎಂದರೆ ಈ ಲೆಕ್ಕ ಕಡಿಮೆಯಾಗುವುದು. ಪರದೆ 100 ಎಂದೇ ತೋರಿಸುತ್ತದೆ, ಆದರೆ ಆ ನೂರು ಮೊದಲಿನ ನೂರಲ್ಲ. ಸೇರು ಚಿಕ್ಕದಾಗಿದೆ, ತುಂಬಿರುವುದು ಮಾತ್ರ ನಿಜ.

ಮೂಟೆಗಳು ಎಲ್ಲಿ ಹೋದವು? ಗ್ರಾಫೈಟಿನ ಮೈಮೇಲೆ, ದ್ರವದೊಡನೆ ಸೇರಿ, ಒಂದು ಪದರು ಕಟ್ಟುತ್ತದೆ. ಮೊದಲ ಕೆಲವು ಸಲ ಚಾರ್ಜ್ ಮಾಡಿದಾಗಲೇ ಇದು ಹುಟ್ಟುತ್ತದೆ, ಹುಟ್ಟಲೇಬೇಕು. ಕಾಯುವ ಹಾಲಿನ ಮೇಲಿನ ಕೆನೆಯಂತೆ ಅದು ಒಳಗಿನದನ್ನು ಮುಚ್ಚಿ ಕಾಯುತ್ತದೆ. ಈ ಕೆನೆ ತೆಳ್ಳಗಿರುವಷ್ಟು ದಿನ ಬ್ಯಾಟರಿಗೆ ಆರೋಗ್ಯ. ಆದರೆ ಅದು ದಪ್ಪವಾಗುತ್ತ ಹೋಗುವುದನ್ನು ಪೂರ್ತಿ ನಿಲ್ಲಿಸಲಾಗದು. ಕೆನೆ ಕಟ್ಟಲು ಬೇಕಾದ ಲಿಥಿಯಂ ಬರುವುದು ಸಾಗಾಟದ ಮೂಟೆಗಳಿಂದಲೇ. ಹಾಗೆ ಸಿಕ್ಕಿಬಿದ್ದ ಲಿಥಿಯಂ ಮತ್ತೆ ಗೋದಾಮು ಸೇರುವುದಿಲ್ಲ. ಪದರು ದಪ್ಪವಾದಂತೆ ಉಳಿದ ಮೂಟೆಗಳಿಗೂ ದಾಟುವುದು ಕಷ್ಟವಾಗಿ, ಬ್ಯಾಟರಿಯ ಒಳಗಿನ ತಡೆ ಹೆಚ್ಚುತ್ತದೆ. ತಡೆ ಹೆಚ್ಚಿದಷ್ಟೂ ಒಳಗೆ ಬಿಸಿ ಹೆಚ್ಚು. ಹಳೆಯ ಮೊಬೈಲ್ 20 ಶೇಕಡ ಇರುವಾಗಲೇ ತಟ್ಟನೆ ಆರಿಹೋಗುವುದು ಇದರಿಂದಲೇ.

ನಮ್ಮ ಜಿಲ್ಲೆಗೆ ಮುಖ್ಯವಾದ ವಿಷಯ ಇಲ್ಲಿದೆ. ಕೆನೆ ಕಟ್ಟುವುದು ಒಂದು ರಾಸಾಯನಿಕ ಕ್ರಿಯೆ, ಅದು ಶಾಖಕ್ಕೆ ಓಗೊಡುತ್ತದೆ. ಮನೆಯಲ್ಲಿ ಹೆಪ್ಪು ಹಾಕುವವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಪುಷ್ಯದ ಚಳಿಯಲ್ಲಿ ರಾತ್ರಿಯಿಡೀ ಇಟ್ಟರೂ ಸರಿಯಾಗಿ ಕಟ್ಟದ ಮೊಸರು, ವೈಶಾಖದಲ್ಲಿ ಮಧ್ಯಾಹ್ನದ ಊಟಕ್ಕೇ ಸಿದ್ಧ, ಸಂಜೆಗೆ ಹುಳಿ. ಮೊಸರಿನದು ಜೀವಾಣುಗಳ ಕೆಲಸ, ಬ್ಯಾಟರಿಯದು ಬರೀ ರಸಾಯನ. ಆದರೂ ಶಾಖಕ್ಕೆ ಎರಡೂ ಅವಸರ ಪಡುತ್ತವೆ. ಇಂಥ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿಗೆ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಅಂದಾಜು. 25 ಡಿಗ್ರಿಯಿಂದ 45ಕ್ಕೆ ಏರಿದರೆ ನಾಲ್ಕು ಪಟ್ಟು.

ಬ್ಯಾಟರಿ ಲೋಕದಲ್ಲಿ ಬಹಳ ಬಳಕೆಯಲ್ಲಿರುವ ಒಂದು ಕೋಷ್ಟಕವಿದೆ. ಪೂರ್ತಿ ಚಾರ್ಜ್ ಮಾಡಿದ ಲಿಥಿಯಂ ಬ್ಯಾಟರಿಯನ್ನು ಮುಟ್ಟದೆ ಒಂದು ವರ್ಷ 25 ಡಿಗ್ರಿಯಲ್ಲಿ ಇಟ್ಟರೆ ಅದರ ಸಾಮರ್ಥ್ಯ ಸುಮಾರು 80 ಶೇಕಡ ಉಳಿಯುತ್ತದೆ. ಅದನ್ನೇ 40 ಡಿಗ್ರಿಯಲ್ಲಿ ಇಟ್ಟರೆ ಸುಮಾರು 65. ಅದೇ 40 ಡಿಗ್ರಿಯಲ್ಲಿ, ಆದರೆ 40 ಶೇಕಡ ಮಾತ್ರ ಚಾರ್ಜ್ ಮಾಡಿ ಇಟ್ಟದ್ದು ಸುಮಾರು 85 ಉಳಿಸಿಕೊಳ್ಳುತ್ತದೆ. ಈ ಅಂಕಿಗಳನ್ನು ನಾನು ಮೊದಲು ನೋಡಿದಾಗ ನನ್ನ ಲ್ಯಾಪ್‌ಟಾಪ್ ನೆನಪಾಯಿತು. ಕರೆಂಟ್ ಹೋದರೆ ಕೆಲಸ ನಿಲ್ಲಬಾರದೆಂದು ಅದನ್ನು ಎರಡು ವರ್ಷ ಹಗಲಿರುಳು ಪ್ಲಗ್‌ಗೆ ಸಿಕ್ಕಿಸಿಯೇ ಇಟ್ಟಿದ್ದೆ. ಶೀಟಿನ ಚಾವಣಿಯ ಮೇಲ್ಮಹಡಿ ಕೋಣೆಯಲ್ಲಿ, ಸದಾ ನೂರಕ್ಕೆ ನೂರು ತುಂಬಿಸಿ. ಶಾಖ ಒಂದು ಶತ್ರು, ತುಂಬಿದ ಹೊಟ್ಟೆ ಇನ್ನೊಂದು. ಎರಡನ್ನೂ ನಾನೇ ಜೊತೆಗೂಡಿಸಿ ಕೂರಿಸಿದ್ದೆ, ಅದು ತಪ್ಪೆಂದು ಯಾರೂ ಹೇಳಿರಲಿಲ್ಲ.

ತುಂಬಿದ ಹೊಟ್ಟೆ ಏಕೆ ಕೆಟ್ಟದ್ದು? ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಒತ್ತಡ 4.2 ವೋಲ್ಟ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಆ ಒತ್ತಡದಲ್ಲಿ ಒಳಗಿನ ದ್ರವ ಒಡೆಯಲು ಹಾತೊರೆಯುತ್ತದೆ, ಶಾಖ ಅದಕ್ಕೆ ನೆರವಾಗುತ್ತದೆ. ಒಡೆದ ದ್ರವದಿಂದ ಅನಿಲ ಹುಟ್ಟಿ, ಹೋಗಲು ದಾರಿಯಿಲ್ಲದೆ ಬ್ಯಾಟರಿಯ ಹೊರಚೀಲ ಉಬ್ಬುತ್ತದೆ. ಉಬ್ಬಿದ ಬ್ಯಾಟರಿಯನ್ನು ಸೂಜಿಯಿಂದ ಚುಚ್ಚಿ ಗಾಳಿ ತೆಗೆಯುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಗೋದಾಮುಗಳ ನಡುವಿನ ಪರದೆ ಹರಿದರೆ ಒಳಗಿನ ಶಕ್ತಿಯೆಲ್ಲ ಒಮ್ಮೆಲೇ ಬೆಂಕಿಯಾಗಿ ಹೊರಬರುತ್ತದೆ, ಆ ಬೆಂಕಿ ಸುಲಭಕ್ಕೆ ಆರುವುದಿಲ್ಲ. ಕಸದ ಗಾಡಿಗೂ ಹಾಕಬಾರದು. ದೇಶದಲ್ಲಿ 2022ರಿಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಮೊಬೈಲ್ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಕೊಡುವುದು ಸರಿಯಾದ ದಾರಿ.

ಈಗ ನಮ್ಮ ಬೇಸಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಮಧ್ಯಾಹ್ನದ ತಾಪಮಾನ 40 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ ಒಪ್ಪಿತವಾದ ಗರಿಷ್ಠ ಮಿತಿ 45 ಡಿಗ್ರಿ. ಅದು ಗಾಳಿಯ ತಾಪಮಾನದ ಮಿತಿಯಲ್ಲ, ಬ್ಯಾಟರಿಯ ಮೈ ತಾಪಮಾನದ್ದು. ಗಾಳಿಯೇ 42 ಡಿಗ್ರಿ ಇರುವ ದಿನ ನಮಗೆ ಉಳಿಯುವುದು ಮೂರೇ ಡಿಗ್ರಿ ಅಂತರ. ಚಾರ್ಜ್ ಆಗುವಾಗ ಬ್ಯಾಟರಿ ತಾನೇ ಬಿಸಿಯಾಗುತ್ತದೆ, ಆ ಮೂರು ಡಿಗ್ರಿ ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಒಳ್ಳೆಯ ಮೊಬೈಲ್‌ಗಳು ಮಧ್ಯಾಹ್ನ ಚಾರ್ಜಿಂಗ್ ನಿಧಾನ ಮಾಡುತ್ತವೆ, ಇಲ್ಲವೇ ನಿಲ್ಲಿಸುತ್ತವೆ. ಚಾರ್ಜರ್ ಕೆಟ್ಟಿದೆ ಎಂದು ಹೊಸದು ಕೊಳ್ಳುವ ಮೊದಲು ಮೊಬೈಲನ್ನು ತಂಪಾದ ಜಾಗಕ್ಕೆ ಒಯ್ದು ಒಮ್ಮೆ ನೋಡಿ. ಆ್ಯಪಲ್ ಕಂಪನಿ ತನ್ನ ಐಫೋನ್‌ಗಳನ್ನು 0ಯಿಂದ 35 ಡಿಗ್ರಿ ವಾತಾವರಣದಲ್ಲಿ ಬಳಸಬೇಕೆಂದು ಬರೆಯುತ್ತದೆ. ಆ ಮಾತನ್ನು ಅಕ್ಷರಶಃ ಪಾಲಿಸಿದರೆ ನಮ್ಮ ಊರಲ್ಲಿ ಯುಗಾದಿಯಿಂದ ಮುಂಗಾರು ಹಿಡಿಯುವವರೆಗೆ ಹಗಲಲ್ಲಿ ಮೊಬೈಲನ್ನು ಮುಟ್ಟುವಂತಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಬ್ಯಾಟರಿಗಳ ಆಯುಷ್ಯ ಅಳೆಯುವ ಪ್ರಯೋಗಗಳು ಹೆಚ್ಚಾಗಿ ನಡೆಯುವುದು 25 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ. ಇಷ್ಟು ನೂರು ಸುತ್ತು ಚಾರ್ಜ್ ಆದ ಮೇಲೂ 80 ಶೇಕಡ ಸಾಮರ್ಥ್ಯ ಉಳಿಯುತ್ತದೆ ಎಂಬ ಭರವಸೆ ಹುಟ್ಟುವುದು ಅಲ್ಲಿ. ಐರೋಪ್ಯ ಒಕ್ಕೂಟ 2025ರ ಜೂನ್ 20ರಿಂದ ಮೊಬೈಲ್ ಬ್ಯಾಟರಿ 800 ಸುತ್ತಿನ ನಂತರವೂ 80 ಶೇಕಡ ಉಳಿಸಿಕೊಂಡಿರಬೇಕು ಎಂಬ ನಿಯಮ ತಂದಿದೆ. ಅದು ಒಳ್ಳೆಯ ನಿಯಮ. ಆದರೆ ಬಳಸುವ ಊರಿನ ಬಿಸಿಲಿಗೆ ತಕ್ಕ ಅಂಕಿಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸಿದ್ದನ್ನು ನಾನಿನ್ನೂ ಕಂಡಿಲ್ಲ. ರಾಯಚೂರಿನಲ್ಲಿ ಮಾರುವ ವಸ್ತುವಿಗೆ 40 ಡಿಗ್ರಿಯಲ್ಲಿ ಎಷ್ಟು ಆಯುಷ್ಯ ಎಂದು ಹೇಳುವುದು ತಯಾರಕರ ಕರ್ತವ್ಯ. ಅದನ್ನು ಹೇಳದೆ, ಬ್ಯಾಟರಿ ಸತ್ತಾಗ ಕಾಯಕ ಬಂಧುವಿನ ಮಕ್ಕಳ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಬೆಳೆ ಸಮೀಕ್ಷೆಗೆಂದು ಹೊಲದ ಬದುವಿನ ಮೇಲೆ ನಿಂತು ಜಿಪಿಎಸ್ ಹಿಡಿಯುವವರು, ಮನೆಮನೆಗೆ ಹೋಗಿ ಮಾಹಿತಿ ತುಂಬುವ ಆಶಾ ಕಾರ್ಯಕರ್ತೆಯರು, ಊಟದ ಪೊಟ್ಟಣ ತಲುಪಿಸಲು ಬೈಕಿನ ಹ್ಯಾಂಡಲ್‌ಗೆ ಮೊಬೈಲ್ ಸಿಕ್ಕಿಸಿಕೊಂಡು ಓಡುವ ಹುಡುಗರು, ಇವರ್ಯಾರೂ ಮೊಬೈಲನ್ನು ಮೋಜಿಗೆ ಬಿಸಿ ಮಾಡುವುದಿಲ್ಲ. ಬಿಸಿಲಲ್ಲಿ ಅಕ್ಷರ ಕಾಣಲೆಂದು ಪರದೆಯ ಬೆಳಕು ಪೂರ್ತಿ ಏರಿಸಬೇಕು. ಸಿಗ್ನಲ್ ಕ್ಷೀಣವಾದ ಹಳ್ಳಿಯಲ್ಲಿ ಮೊಬೈಲ್ ಟವರನ್ನು ಹುಡುಕುತ್ತ ಹೆಚ್ಚು ಶಕ್ತಿ ಸುರಿಯುತ್ತದೆ. ಜಿಪಿಎಸ್, ಕ್ಯಾಮೆರಾ, ಡೇಟಾ ಮೂರೂ ಒಟ್ಟಿಗೆ ಓಡುತ್ತವೆ. ಮೇಲಿನಿಂದ ಸೂರ್ಯ, ಒಳಗಿನಿಂದ ಪ್ರೊಸೆಸರ್, ನಡುವೆ ಸಿಕ್ಕಿದ ಬ್ಯಾಟರಿ.

ಬಳಕೆದಾರರ ಕೈಯಲ್ಲಿರುವುದು ಸ್ವಲ್ಪವೇ. ಆ ಸ್ವಲ್ಪದಲ್ಲಿ ಹೆಚ್ಚು ಫಲ ಕೊಡುವುದು ಚಾರ್ಜ್ ಮಾಡುವ ಹೊತ್ತು ಬದಲಿಸುವುದು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ನಡುವೆ ಚಾರ್ಜ್‌ಗೆ ಹಾಕದಿದ್ದರೆ ಒಳ್ಳೆಯದು. ಬೆಳಗಿನ ಜಾವ ನಮ್ಮ ಊರೂ ತಂಪಾಗಿರುತ್ತದೆ. ಎದ್ದ ಕೂಡಲೇ ಹಾಕಿದರೆ ಸ್ನಾನ, ಪೂಜೆ, ತಿಂಡಿ ಮುಗಿಯುವಷ್ಟರಲ್ಲಿ ದಿನಕ್ಕೆ ಸಾಕಾಗುವಷ್ಟು ತುಂಬಿರುತ್ತದೆ. ಇತ್ತೀಚಿನ ಹಲವು ಮೊಬೈಲ್ ಮತ್ತು ಲ್ಯಾಪ್‌ಟಾಪ್‌ಗಳ ಸೆಟ್ಟಿಂಗ್‌ನಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಇದೆ. ಸದಾ ಪ್ಲಗ್‌ನಲ್ಲೇ ಇರುವ ಲ್ಯಾಪ್‌ಟಾಪ್‌ಗೆ ಅದನ್ನು ಇಂದೇ ಹಾಕಿ. ಮನೆಯಿಂದ ಕೆಲಸ ಮಾಡುವ ನಮ್ಮ ಭಾಗದ ಎಂಜಿನಿಯರ್‌ಗಳಿಗೆ ನಾನು ಮೊದಲು ಹೇಳುವ ಮಾತೇ ಇದು. ದಿನವಿಡೀ ಹೊರಗೆ ಓಡಾಡುವವರಿಗೆ ಮಾತ್ರ 80ರ ನಿಯಮ ಹೇಳಲಾರೆ. ಕೆರೆಯಂಗಳದಲ್ಲಿ ಸಂಜೆಗೆ ಮುಂಚೆ ಆರಿಹೋಗುವ ಮೊಬೈಲಿನಿಂದ ಯಾರಿಗೇನು ಪ್ರಯೋಜನ? ಅವರು ನೂರು ತುಂಬಿಸಿಕೊಂಡೇ ಹೋಗಲಿ, ಆದರೆ ತುಂಬಿದ್ದು ಹೊರಡುವ ಹೊತ್ತಿಗಿರಲಿ. ರಾತ್ರಿ ಹತ್ತಕ್ಕೇ ತುಂಬಿ, ಬೆಳಗಿನವರೆಗೆ ದಿಂಬಿನ ಕೆಳಗೆ ಬೇಯುವುದು ಬೇಡ.

ವೇಗದ ಚಾರ್ಜಿಂಗ್ ಬಗ್ಗೆ ಬಹಳ ಜನ ಕೇಳುತ್ತಾರೆ. ವೇಗ ತಾನಾಗಿ ವಿಷವಲ್ಲ, ಅದರ ಜೊತೆ ಬರುವ ಬಿಸಿ ತೊಂದರೆ. ಖಾಲಿ ಇರುವಾಗ ಗೋದಾಮಿಗೆ ಮೂಟೆಗಳು ಸರಸರನೆ ನುಗ್ಗುತ್ತವೆ. ಮುಕ್ಕಾಲು ತುಂಬಿದ ಮೇಲೆ ಜಾಗ ಹುಡುಕಿ ಇಳಿಸಬೇಕಾಗುತ್ತದೆ, ಚಾರ್ಜರ್ ತಾನಾಗಿ ನಿಧಾನವಾಗುತ್ತದೆ. ಕೊನೆಯ 20 ಶೇಕಡಕ್ಕೆ ಅಷ್ಟೊಂದು ಹೊತ್ತು ಹಿಡಿಯುವುದು ಅದಕ್ಕೇ. ನವೆಂಬರ್‌ನಲ್ಲಿ ವೇಗದ ಚಾರ್ಜರ್ ಧಾರಾಳವಾಗಿ ಬಳಸಿ. ಮೇ ತಿಂಗಳ ಮಧ್ಯಾಹ್ನ ಅನಿವಾರ್ಯವಾದರೆ ಕವರ್ ತೆಗೆದು, ಫ್ಯಾನ್ ಕೆಳಗಿಟ್ಟು, ಆಟ ಆಡದೆ, ವೀಡಿಯೊ ನೋಡದೆ ಚಾರ್ಜ್ ಮಾಡಿ.

ಮೊಬೈಲ್ ಕಾದಾಗ ಫ್ರಿಜ್‌ನಲ್ಲಿಡುವ ಅಭ್ಯಾಸ ನಮ್ಮಲ್ಲಿ ಹಬ್ಬುತ್ತಿದೆ, ಇದು ಅಪಾಯ. ಹೊರತೆಗೆದ ಕೂಡಲೇ, ತಣ್ಣನೆಯ ನೀರಿನ ಬಾಟಲಿಯ ಮೇಲೆ ಹನಿ ಕಟ್ಟುವಂತೆ, ಮೊಬೈಲಿನ ಒಳಗೂ ತೇವ ಕೂರುತ್ತದೆ. ಬುಟ್ಟಿಯ ನೆರಳು ಸಾಕು, ನಿಧಾನವಾಗಿಯೇ ಆರಲಿ. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು, ಹೊಸ ಮೊಬೈಲನ್ನು ಎಂಟು ಗಂಟೆ ಚಾರ್ಜ್‌ಗೆ ಹಾಕಬೇಕು ಎಂಬ ಮಾತುಗಳು ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದವು. ಲಿಥಿಯಂಗೆ ಅವು ಬೇಡ. ಅರ್ಧ ಇಂದು, ಅರ್ಧ ನಾಳೆ ತುಂಬಿಸಿದರೆ ಒಂದೇ ಸುತ್ತು ಎಂದು ಲೆಕ್ಕ.

ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ತಾಪಮಾನ 60 ಡಿಗ್ರಿ ದಾಟಬಲ್ಲದು. ಡ್ಯಾಶ್‌ಬೋರ್ಡ್ ಮೇಲೆ ಮೊಬೈಲಾಗಲಿ ಪವರ್ ಬ್ಯಾಂಕ್ ಆಗಲಿ ಬಿಡಬಾರದು. ವಿದ್ಯುತ್ ಸ್ಕೂಟರ್ ಇರುವವರು ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜರ್ ಸಿಕ್ಕಿಸದೆ ಅರ್ಧ ಗಂಟೆ ನೆರಳಲ್ಲಿ ಬಿಡಿ. ಅದರೊಳಗಿರುವುದೂ ಇದೇ ಜಾತಿಯ ಬ್ಯಾಟರಿ, ಗಾತ್ರ ಮಾತ್ರ ದೊಡ್ಡದು.

ಇಷ್ಟೆಲ್ಲ ಮಾಡಿದರೂ ನಮ್ಮ ಬ್ಯಾಟರಿಗಳು ಬೆಂಗಳೂರಿನವಕ್ಕಿಂತ ಮೊದಲು ಸೋಲುತ್ತವೆ. ಸೋತಾಗ ಮೊಬೈಲನ್ನೇ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ಪರದೆ, ಕ್ಯಾಮೆರಾ, ಪ್ರೊಸೆಸರ್ ಎಲ್ಲ ಗಟ್ಟಿಮುಟ್ಟಾಗಿರುವಾಗ ಬ್ಯಾಟರಿಗೋಸ್ಕರ ಹತ್ತು ಹದಿನೈದು ಸಾವಿರ ಸುರಿದು, ಕಂತಿನ ಸಾಲ ಹೊರುವ ಮನೆಗಳು ನಮ್ಮ ಸುತ್ತ ಎಷ್ಟಿವೆ! ಕಂಪನಿಯ ಕೇಂದ್ರದಲ್ಲಿ ಅಸಲಿ ಬ್ಯಾಟರಿ ಹಾಕಿಸಿದರೆ ಹೊಸ ಮೊಬೈಲಿನ ಬೆಲೆಯ ಸಣ್ಣ ಪಾಲು ಖರ್ಚಾಗುತ್ತದೆ. ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತಲ ರಿಪೇರಿ ಅಂಗಡಿಗಳಲ್ಲಿ ಕೈಚಳಕ ಬಲ್ಲ ಹುಡುಗರಿದ್ದಾರೆ. ಅವರ ಬಳಿ ಹೋಗುವುದಾದರೆ ಯಾವ ಬ್ಯಾಟರಿ ಹಾಕುತ್ತಿದ್ದಾರೆಂದು ಕೇಳಿ, ರಸೀದಿ ಪಡೆಯಿರಿ. ಸಂರಕ್ಷಣಾ ಸರ್ಕ್ಯೂಟ್ ಸರಿಯಿಲ್ಲದ ನಕಲಿ ಬ್ಯಾಟರಿ ನಮ್ಮ ಶಾಖದಲ್ಲಿ ಹೆಚ್ಚು ಅಪಾಯಕಾರಿ. ಬಳಕೆದಾರರೇ ಬಿಚ್ಚಿ ಬದಲಿಸಬಹುದಾದ ಬ್ಯಾಟರಿ ಇರಬೇಕೆಂಬ ನಿಯಮ ಯುರೋಪಿನಲ್ಲಿ 2027ರ ಫೆಬ್ರುವರಿಯಿಂದ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮ ಮೊಬೈಲ್‌ಗಳೆಲ್ಲ ಹಾಗೆಯೇ ಇದ್ದವಲ್ಲವೇ? ಉಗುರಿನಿಂದ ಹಿಂಬದಿ ಎಬ್ಬಿಸಿ ಹೊಸ ಬ್ಯಾಟರಿ ಕೂರಿಸುತ್ತಿದ್ದೆವು. ಆ ಅನುಕೂಲ ಎಲ್ಲರಿಗಿಂತ ಹೆಚ್ಚು ಬೇಕಿರುವುದು ನಮ್ಮಂಥ ಬಿಸಿಲ ಜಿಲ್ಲೆಗಳಿಗೆ.

ವಿದ್ಯುತ್ತಿನ ಲೆಕ್ಕ ನೋಡಿದರೆ ಮೊಬೈಲ್ ಬಡಪಾಯಿ. 5000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ ಸುಮಾರು 19 ವ್ಯಾಟ್ ಗಂಟೆ. ಸೋರಿಕೆ ಸೇರಿಸಿ 25 ಎಂದರೂ ಒಂದು ಯೂನಿಟ್‌ನಲ್ಲಿ ನಲವತ್ತು ಸಲ ತುಂಬಿಸಬಹುದು. 1985ರಲ್ಲಿ ಮೊದಲ ಘಟಕ ಶುರುವಾದ, ಇಂದು ಎಂಟು ಘಟಕಗಳಿಂದ 1720 ಮೆಗಾವ್ಯಾಟ್ ಸಾಮರ್ಥ್ಯ ಪಡೆದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ನಮ್ಮ ಪಕ್ಕದಲ್ಲೇ ಇದೆ. ರಾಜ್ಯಕ್ಕೆಲ್ಲ ಬೆಳಕು ಕೊಡಲು ಕಲ್ಲಿದ್ದಲು ಉರಿಸುವ ಜಿಲ್ಲೆಯ ಜನ ತಮ್ಮ ಕೈಯಲ್ಲಿನ 19 ವ್ಯಾಟ್ ಗಂಟೆಯನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದಾರೆ.

ಹೋದ ಬೇಸಿಗೆಯಲ್ಲಿ ಮಸ್ಕಿ ಕಡೆಗೆ ಮತ್ತೆ ಹೋದಾಗ ಆ ಕಾಯಕ ಬಂಧುವಿನ ಮನೆಯನ್ನೂ ಕಂಡೆ. ಹಳೆಯ ಮಣ್ಣಿನ ಮಾಳಿಗೆ ಮನೆ, ಮೊಳದುದ್ದ ದಪ್ಪದ ಗೋಡೆ. ಹೊರಗೆ ಬೆಂಕಿ ಸುರಿಯುತ್ತಿದ್ದರೂ ಒಳಗೆ ಮೈ ಹಗುರಾಗುತ್ತಿತ್ತು. ಹಿಂದೆ ದೀಪ ಇಡುತ್ತಿದ್ದ ಗೋಡೆಯ ಮಾಡದಲ್ಲಿ, ಹೊಗೆ ಹಿಡಿದು ಕಪ್ಪಾದ ಜಾಗದಲ್ಲಿ, ಮೊಬೈಲ್ ಚಾರ್ಜ್ ಆಗುತ್ತಿತ್ತು. ಕವರ್ ತೆಗೆದು ಪಕ್ಕಕ್ಕಿಟ್ಟಿದ್ದರು. ಕೈಯಿಟ್ಟು ನೋಡಿದೆ. ಉಗುರು ಬೆಚ್ಚಗಷ್ಟೇ ಇತ್ತು.

"ಬ್ಯಾಟರಿ ಬದಲಿಸಿದ್ದೇನೆ ಅಣ್ಣಾ" ಎಂದರು. "ಈಗ ಎರಡನೆಯ ಫೋಟೊ ತೆಗೆದು ಮನೆಗೆ ಬಂದ ಮೇಲೂ ಇನ್ನೂ ಮೂವತ್ತು ಉಳಿದಿರುತ್ತದೆ."